ಮನೆ ನೋಡುವ ಮುಮ್ತಾಜ್

ನನ್ನ ಹೆಂಡತಿ ಮುಮ್ತಾಜ್ ಬೇರೆಯವರ ಮನೆಯ ಫ್ರಿಜ್ಜಿನ ಬಾಗಿಲು ತೆಗೆಯುವಾಗ ಯಾರ ಅನುಮತಿಯನ್ನೂ ಕೇಳುವುದಿಲ್ಲ. "ಸ್ವಲ್ಪ ನೀರು ತಗೋತೀನಪ್ಪ" ಅನ್ನುತ್ತಾಳೆ, ಬಾಗಿಲು ತೆಗೆಯುತ್ತಾಳೆ, ಒಳಗೊಮ್ಮೆ ಕಣ್ಣಾಡಿಸುತ್ತಾಳೆ, ನೀರು ತೆಗೆದುಕೊಳ್ಳದೆ ಮುಚ್ಚುತ್ತಾಳೆ. ಅಷ್ಟರಲ್ಲಿ ಆ ಮನೆಯ ಹುಡುಗನ ಅರ್ಧ ಚರಿತ್ರೆ ಅವಳಿಗೆ ಗೊತ್ತಾಗಿರುತ್ತದೆ. ಈ ದೇಶದಲ್ಲಿ ಎಲ್ಲರೂ ನಲ್ಲಿ ನೀರು ಕುಡಿಯುತ್ತಾರೆ, ಫ್ರಿಜ್ಜಿನಲ್ಲಿ ಯಾರೂ ನೀರು ಇಡುವುದಿಲ್ಲ, ನಿನ್ನ ನೆಪ ಹಳೆಯದಾಯಿತು ಎಂದು ನಾನು ಎಷ್ಟೋ ಸಲ ಹೇಳಿದ್ದೇನೆ. "ಅದಕ್ಕೇ ಅಲ್ವಾ ನಾನು ನೀರು ತಗೊಳ್ಳದೇ ಇರೋದು" ಅನ್ನುತ್ತಾಳೆ. ಇವಳ ಹತ್ತಿರ ವಾದ ಮಾಡಿ ಗೆದ್ದವರನ್ನು ನಾನಿನ್ನೂ ನೋಡಿಲ್ಲ.

ನಾವಿರುವುದು ಸ್ವೀಡನ್ನಿನ ಟ್ರೋಲ್‌ಹೆಟ್ಟನ್‌ನಲ್ಲಿ. ನಾನು ಖಲೀಲುಲ್ಲಾ, ರಾಮನಗರದವನು, ಇಲ್ಲಿಯ ವಿಮಾನದ ಎಂಜಿನ್ ಕಾರ್ಖಾನೆಯಲ್ಲಿ ಬ್ಲೇಡುಗಳನ್ನು ತಪಾಸಣೆ ಮಾಡುವ ಎಂಜಿನಿಯರ್. ಕಣ್ಣಿಗೆ ಕಾಣದ ಬಿರುಕು ಹುಡುಕುವುದಕ್ಕೆ ನನಗೆ ಸಂಬಳ ಕೊಡುತ್ತಾರೆ. ಮುಮ್ತಾಜ್ ಅದೇ ಕೆಲಸವನ್ನು ಮನುಷ್ಯರ ಮೇಲೆ ಪುಕ್ಕಟೆಯಾಗಿ ಮಾಡುತ್ತಾಳೆ.

ಅವಳು ಶಿರಾದವಳು. ಮದುವೆಯಾಗಿ ಇಲ್ಲಿಗೆ ಬಂದ ಮೊದಲ ಚಳಿಗಾಲ ಪೂರ್ತಿ ಕಿಟಕಿಯ ಹತ್ತಿರ ಕೂತು ಅತ್ತಳು. ಎರಡನೆಯ ಚಳಿಗಾಲದಲ್ಲಿ ಕಣ್ಣೀರು ಒರೆಸಿಕೊಂಡು ಸ್ವೀಡಿಷ್ ಕ್ಲಾಸಿಗೆ ಸೇರಿದಳು. ಮೂರನೆಯದರಲ್ಲಿ ಡಾಗಿಸ್‌ನಲ್ಲಿ, ಅಂದರೆ ಇಲ್ಲಿಯ ಶಿಶುವಿಹಾರದಲ್ಲಿ, ಕೆಲಸ ಹಿಡಿದಳು. ಪುಟ್ಟ ಮಕ್ಕಳಿಗೆ ಚಳಿಯ ಅಂಗಿ ತೊಡಿಸಿ ಬಿಚ್ಚಿ ಮಾಡುವ ಕೆಲಸ ಅದು. ಮಗುವಿನ ಕೈಗವಸಿನ ಒಳಗೆ ನೋಡಿದರೆ ಆ ಮನೆಯಲ್ಲಿ ಗಂಡ ಹೆಂಡತಿ ಮಾತಾಡುತ್ತಿದ್ದಾರೋ ಇಲ್ಲವೋ ಹೇಳಬಹುದು ಅನ್ನುತ್ತಾಳೆ. ನನಗೆ ನಂಬಿಕೆಯಿರಲಿಲ್ಲ. ಅವಳು ಹೇಳಿದ ಮೂರು ಮನೆಗಳಲ್ಲಿ ವರ್ಷ ಕಳೆಯುವುದರೊಳಗೆ ವಿಚ್ಛೇದನವಾದ ಮೇಲೆ ನಾನು ಬಾಯಿ ಮುಚ್ಚಿಕೊಂಡೆ.

ಮನೆ ನೋಡುವ ಕೆಲಸ ಶುರುವಾದದ್ದು ತುಮಕೂರಿನ ಒಂದು ಕುಟುಂಬದಿಂದ. ಗೋಥೆನ್‌ಬರ್ಗಿನ ಹುಡುಗನಿಗೆ ಮಗಳನ್ನು ಕೊಡುವ ಮಾತು ಬಂದಿತ್ತು. ನಮ್ಮ ಕಡೆ ಹೆಣ್ಣು ಕೊಡುವ ಮುಂಚೆ ಹಿರಿಯರು ಹುಡುಗನ ಮನೆ ನೋಡಿ ಬರುತ್ತಾರೆ. ಆದರೆ ತುಮಕೂರಿನಿಂದ ಗೋಥೆನ್‌ಬರ್ಗಿಗೆ ಯಾರು ಬಂದು ನೋಡುತ್ತಾರೆ? ಮುಮ್ತಾಜ್ ಹೋದಳು, ಕಾರು ಓಡಿಸಲು ನಾನೂ ಹೋದೆ. ಹುಡುಗ ಚಂದವಾಗಿದ್ದ, ಮನೆ ಚೊಕ್ಕಟವಾಗಿತ್ತು, ಬಿರಿಯಾನಿ ತರಿಸಿದ್ದ. ವಾಪಸು ಬರುವಾಗ ಅವಳು ಫೋನ್ ಮಾಡಿ "ಬೇಡ" ಎಂದಳು. ಯಾಕೆ ಅಂದರೆ, ನಾವಿದ್ದಷ್ಟು ಹೊತ್ತೂ ಆ ಹುಡುಗ ತನ್ನ ರೂಮ್‌ಮೇಟನ್ನು ಮನೆಯಿಂದ ಹೊರಗೆ ಕಳಿಸಿದ್ದ. ಆತ ಕೆಳಗೆ ಮಂಜಿನಲ್ಲಿ ಬಸ್‌ಸ್ಟಾಪಿನ ಬೆಂಚಿನ ಮೇಲೆ ಕೂತಿದ್ದನ್ನು ಇವಳು ಹೋಗುವಾಗಲೂ ನೋಡಿದ್ದಳು, ಬರುವಾಗಲೂ ನೋಡಿದ್ದಳು.

ಆಮೇಲೆ ಸುದ್ದಿ ಹಬ್ಬಿತು. ದಾವಣಗೆರೆಯ ಸಿದ್ದಲಿಂಗ ಎಂಬ ಮೇಷ್ಟ್ರು ಯಾರಿಂದಲೋ ನಂಬರ್ ಪಡೆದು, "ನಾವು ಲಿಂಗಾಯತರು ತಾಯಿ, ನೀವು ನಮಗೂ ನೋಡಿಕೊಡ್ತೀರಾ?" ಎಂದು ಕೇಳಿದರು. "ಫ್ರಿಜ್ಜಿಗೆ ಯಾವ ಜಾತಿ ಮೇಷ್ಟ್ರೇ" ಎಂದಳು. ಅವರ ಮಗಳು ಈಗ ಲಿನ್‌ಶೋಪಿಂಗ್‌ನಲ್ಲಿ ಸುಖವಾಗಿದ್ದಾಳೆ. ಮುಮ್ತಾಜಳ ಕ್ರಮ ಸರಳ. ಸಂಬಳ ಕೇಳುವುದಿಲ್ಲ. ಒಂದು ಸ್ಟೀಲ್ ಡಬ್ಬಿಯಲ್ಲಿ ಏನಾದರೂ ಸಿಹಿ ಒಯ್ಯುತ್ತಾಳೆ. ಒಂದೇ ಸಲ ಹೋಗುತ್ತಾಳೆ, ಅದೇ ಸಂಜೆ ಫೋನ್ ಮಾಡಿ "ಕೊಡಿ" ಅಥವಾ "ಬೇಡ" ಅನ್ನುತ್ತಾಳೆ. ಸುಳ್ಳು ಹೇಳುವುದಿಲ್ಲ. ಅದಕ್ಕೇ ಆ ಒಂದು ಮಾತಿಗೆ ಅಷ್ಟು ಬೆಲೆ.

ಎರಡು ಸಾವಿರದ ಏಳರ ಶರತ್ಕಾಲದಲ್ಲಿ ಆ ಬೆಲೆ ನಮ್ಮ ಮನೆ ಹುಡುಗಿಯ ತಲೆಯ ಮೇಲೆಯೇ ಬಂತು.

ತಸ್ನೀಮ್ ಮುಮ್ತಾಜಳ ಅಣ್ಣ ಅಫ್ಜಲ್ ಅವರ ಮಗಳು. ಕಾರ್ಲ್‌ಸ್ಕ್ರೂನಾದ ತಾಂತ್ರಿಕ ವಿಶ್ವವಿದ್ಯಾಲಯದಲ್ಲಿ ಎಂ.ಎಸ್. ಓದುತ್ತಿದ್ದಳು. ರಂಜಾನ್ ಹಬ್ಬಕ್ಕೆ ನಮ್ಮ ಮನೆಗೆ ಬಂದವಳು ಅಡುಗೆಮನೆಯಲ್ಲಿ ಶಾವಿಗೆ ಹುರಿಯುತ್ತ ಸೋದರತ್ತೆಯ ಹತ್ತಿರ ವಿಷಯ ಬಿಟ್ಟಳು. ಹುಡುಗನ ಹೆಸರು ಮುಜೀಬ್. ಕುಂದಾಪುರದ ಹತ್ತಿರದ ಗಂಗೊಳ್ಳಿಯವನು. ಕಾಲೇಜಿನಲ್ಲಿ ಇವಳಿಗಿಂತ ಹಿರಿಯ, ಈಗ ಸ್ಟಾಕ್‌ಹೋಮ್ ಬಳಿ ಟೆಲಿಕಾಂ ಕಂಪನಿಯಲ್ಲಿ ಕೆಲಸ, ಸೊಲ್ಲೆಂಟುನಾದಲ್ಲಿ ವಾಸ. ಅಪ್ಪನಿಗೂ ಆಗಲೇ ಹೇಳಿದ್ದಾಳಂತೆ. ಅಫ್ಜಲ್ ಭಾಯ್ ಕೂಗಾಡಲಿಲ್ಲ. ಅವರು ಕೂಗಾಡುವ ಪೈಕಿ ಅಲ್ಲ, ಅದೇ ಅವರ ಹತ್ತಿರ ಕಷ್ಟ.

"ಏನಂದ್ರು?" ಎಂದು ಮುಮ್ತಾಜ್ ಕೇಳಿದಳು.

"ಘಟ್ಟದ ಕೆಳಗಿನವ್ರು, ಮಾತು ಬೇರೆ, ಊಟ ಬೇರೆ, ನಮಗೆ ಗುರುತಿನವ್ರು ಯಾರೂ ಇಲ್ಲ ಅಂದ್ರು. ಮುಮ್ತಾಜ್ ಮನೆ ನೋಡ್ಲಿ, ಅವಳು ಕೊಡು ಅಂದ್ರೆ ಕೊಡ್ತೀನಿ, ಬೇಡ ಅಂದ್ರೆ ಓದು ಮುಗಿಸ್ಕೊಂಡು ಬಂದ್ಬಿಡು ಅಂದ್ರು." ಊರಿನಲ್ಲಿ ತಸ್ನೀಮಳ ತಾಯಿಯ ತಂಗಿಯ ಮಗನೊಬ್ಬ ಕಾಯುತ್ತಿರುವುದು ನಮಗೆಲ್ಲ ಗೊತ್ತಿತ್ತು. "ಫೂಫಿ, ನನಗೋಸ್ಕರ ಸುಳ್ಳು ಹೇಳ್ಬೇಡಿ. ಆದ್ರೆ ಚೆನ್ನಾಗಿ ನೋಡಿ."

ಮುಮ್ತಾಜ್ ಶಾವಿಗೆಯ ಬಾಣಲೆ ಇಳಿಸಿ, "ನಾನು ಯಾವತ್ತು ಕೆಟ್ಟದಾಗಿ ನೋಡಿದ್ದೀನೇ?" ಎಂದು ಗದರಿದಳು.

ಅಕ್ಟೋಬರ್ ಕೊನೆಯ ಒಂದು ಶನಿವಾರ ನಾವು ಹೊರಟೆವು. ಹಿಂದಿನ ಸೀಟಿನಲ್ಲಿ ಹನ್ನೊಂದು ವರ್ಷದ ನಮ್ಮ ಮಗಳು ಜೈಬಾ. ಅವಳನ್ನು ಕನ್ನಡದಲ್ಲಿ ಮಾತಾಡಿಸಿದರೆ ಸ್ವೀಡಿಷ್‌ನಲ್ಲಿ ಉತ್ತರ ಬರುತ್ತದೆ, ಉರ್ದುವಿನಲ್ಲಿ ಮಾತಾಡಿಸಿದರೂ ಸ್ವೀಡಿಷ್‌ನಲ್ಲೇ ಬರುತ್ತದೆ. ಟ್ರೋಲ್‌ಹೆಟ್ಟನ್‌ನಿಂದ ಸೊಲ್ಲೆಂಟುನಾಗೆ ಹೆಚ್ಚುಕಡಿಮೆ ಇಡೀ ದೇಶವನ್ನೇ ಅಡ್ಡಹಾಯಬೇಕು. ದಾರಿಯುದ್ದಕ್ಕೂ ನಾನು ಗೊಣಗಿದೆ, ಅವರಿಬ್ಬರೂ ನಿದ್ದೆ ಮಾಡಿದರು.

ಲಿಫ್ಟ್ ಇಲ್ಲದ ಕಟ್ಟಡದ ಮೂರನೆಯ ಮಹಡಿ. ಬಾಗಿಲು ತೆಗೆದ ಮುಜೀಬ್ ಉದ್ದಕ್ಕೆ, ತೆಳ್ಳಗೆ, ತಲೆ ನೀಟಾಗಿ ಬಾಚಿಕೊಂಡು, ಅಷ್ಟು ಚಳಿಯಲ್ಲೂ ಬೆವರುತ್ತಿದ್ದ. ಒಳಗೆ ಹೋದೆ, ನನಗೆ ಖುಷಿಯಾಗಿಬಿಟ್ಟಿತು. ಕಂದು ಬಣ್ಣದ ಚರ್ಮದ ಸೋಫಾ, ಗಾಜಿನ ಊಟದ ಮೇಜು, ಸುತ್ತ ಕುರ್ಚಿಗಳು, ಗೋಡೆಯಗಲದ ಟಿವಿ, ನೆಲಕ್ಕೆ ಜಮಖಾನ. ಸೋಫಾದಲ್ಲಿ ಮುಳುಗಿ ಕೂತು, ಒಳ್ಳೆ ಜಾಗಕ್ಕೇ ಬಿದ್ದಳು ಹುಡುಗಿ ಎಂದುಕೊಂಡೆ. ಇಂಥ ಸೋಫಾ ನನ್ನ ಮನೆಯಲ್ಲೇ ಇಲ್ಲ.

ಹುಡುಗ ತಾನೇ ಅಡುಗೆ ಮಾಡಿದ್ದ. ನೀರುದೋಸೆ, ಬಂಗುಡೆ ಸಾರು. ಬಡಿಸುವ ಹೊತ್ತಿಗೆ ಪಕ್ಕದ ಕಟ್ಟಡದ ಜಾನಕಿ ಎಂಬುವರು ಒಂದು ಬಟ್ಟಲು ಪಾಯಸ ಹಿಡಿದು ಬಂದರು. ಬೆಂಗಳೂರಿನವರು, ಗಂಡ ಬದರಿನಾಥ ಮುಜೀಬನ ಆಫೀಸಿನಲ್ಲೇ ಕೆಲಸ ಮಾಡುತ್ತಾನಂತೆ. "ಸುಮ್ನೆ ಹೀಗೆ ಬಂದೆ, ಗೆಸ್ಟ್ಸ್ ಇದ್ದಾರೆ ಅಂತ ಗೊತ್ತೇ ಇರ್ಲಿಲ್ಲ ನೋಡಿ" ಎಂದರು. ಗೊತ್ತಿಲ್ಲದವರು ಐದು ಜನಕ್ಕಾಗುವಷ್ಟು ಪಾಯಸ ತಂದಿದ್ದರು. ಮುಮ್ತಾಜ್ ಎಂದಿನಂತೆ ನೀರಿನ ನೆಪ ಹೇಳಿ ಅಡುಗೆಮನೆಗೆ ಹೋದಳು. ಮುಜೀಬ್ ಚಟ್ನಿ ರುಬ್ಬಲು ಮಿಕ್ಸಿ ಹಾಕಿದ. ಜಾನಕಿ ಕೂತಲ್ಲಿಂದಲೇ, "ಮುಜೀಬ್, ಆ ಜಾರ್ ಸ್ವಲ್ಪ ಲೂಸು, ಮೇಲಿಂದ ಒತ್ತಿ ಹಿಡ್ಕೊಳ್ಳೋ" ಎಂದರು. ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡು ಪಾಯಸದ ಕಡೆ ನೋಡಿದರು. ನನ್ನ ಗಮನವೆಲ್ಲ ಬಂಗುಡೆಯ ಮೇಲಿತ್ತು.

ಮುಮ್ತಾಜ್ ಚೆನ್ನಾಗಿ ಊಟ ಮಾಡಿದಳು. ಅವನ ಅಪ್ಪನ ಬಗ್ಗೆ ಕೇಳಿದಳು. ಗಂಗೊಳ್ಳಿ ಬಂದರಿನಲ್ಲಿ ಮೀನುಗಾರಿಕೆ ಬೋಟಿನ ಎಂಜಿನ್ ರಿಪೇರಿ ಮಾಡುವವರಂತೆ. ನಮಗೂ ಎಂಜಿನ್ನಿನ ಸಂಬಂಧವೇ ಎಂದು ನಾನು ನಕ್ಕೆ. ಹೊರಡುವಾಗ ಅವಳು ಡಬ್ಬಿಯನ್ನು ಅಲ್ಲೇ ಬಿಟ್ಟು ಬಂದಳು. ಮರೆತಳು ಎಂದುಕೊಂಡೆ.

ಹೆದ್ದಾರಿಗೆ ಬಂದ ಮೇಲೆ ಬಾಯಿಬಿಟ್ಟಳು.

"ಹುಡುಗ ಮಿಕ್ಸಿಗೆ ಪೂಜೆ ಮಾಡ್ತಾನೆ ರೀ."

ನಾನು ಬ್ರೇಕಿನ ಮೇಲೆ ಕಾಲಿಟ್ಟೆ. "ಏನಂದೆ?"

"ಮಿಕ್ಸಿ ಹಿಂದುಗಡೆ ಅರಿಶಿನ ಕುಂಕುಮ. ವ್ಯಾಕ್ಯೂಮ್ ಕ್ಲೀನರಿಗೂ ಕುಂಕುಮ. ಟಿವಿ ಹಿಂದೆ ಬಗ್ಗಿ ನೋಡ್ದೆ, ಗಂಧದ ಬೊಟ್ಟು, ಅದಕ್ಕೆ ಒಂದು ಒಣಗಿದ ಸೇವಂತಿಗೆ ಎಸಳು ಅಂಟ್ಕೊಂಡಿದೆ. ಮುಂದುಗಡೆ ಎಲ್ಲಾ ಒರೆಸಿದ್ದಾನೆ, ಪಾಪ."

"ಅಂದ್ರೆ... ಹುಡುಗ ಏನಾದ್ರೂ ಮತ ಗಿತ..."

"ನಿಮ್ಮ ತಲೆ. ಅದ್ಹೇಗೆ ನಿಮ್ಮನ್ನ ಇನ್‌ಸ್ಪೆಕ್ಷನ್‌ನಲ್ಲಿ ಇಟ್ಕೊಂಡಿದ್ದಾರೋ. ಹೋದ ವಾರ ತಾನೆ ಆಯುಧಪೂಜೆ ಇದ್ದದ್ದು? ಅದೆಲ್ಲಾ ಆ ಜಾನಕಿ ಮನೆ ಸಾಮಾನು. ಸೋಫಾನೂ ಅವರದೇ. ನಮಗೆ ತೋರಿಸೋಕೆ ಹೊತ್ತು ತಂದಿಟ್ಟಿದ್ದಾರೆ."

ನನಗೆ ನಗು ತಡೆಯಲಾಗಲಿಲ್ಲ. ಆ ಸೋಫಾವನ್ನು ಮೂರು ಮಹಡಿ ಹತ್ತಿಸಿದ ದೃಶ್ಯ ನೆನೆದು ಇನ್ನೂ ಜೋರಾಗಿ ನಕ್ಕೆ. ಅವಳು ನಗಲಿಲ್ಲ.

"ಸಾಮಾನು ಇಲ್ದಿದ್ರೆ ನನಗೇನು? ನಾವು ಚಾಪೆ ಮೇಲೆ ಮಲಗಿಲ್ವಾ? ಆದ್ರೆ ಇಲ್ಲದ್ದನ್ನ ಇದೆ ಅಂತ ತೋರಿಸೋನು ನಾಳೆ ತಸ್ನೀಮ್‌ಗೆ ಏನೇನು ತೋರಿಸ್ತಾನೋ. ಇವನು ನಾಚ್ಕೆಗೆ ಮಾಡಿದ್ನೋ, ಮೋಸಕ್ಕೆ ಮಾಡಿದ್ನೋ, ನನಗೆ ಗೊತ್ತಾಗ್ತಿಲ್ಲ."

ಗೊತ್ತಾಗುತ್ತಿಲ್ಲ ಎಂಬ ಮಾತನ್ನು ಅವಳ ಬಾಯಲ್ಲಿ ನಾನು ಕೇಳಿದ್ದು ಅದೇ ಮೊದಲು. ಆ ಸಂಜೆ ಶಿರಾಗೆ ಫೋನ್ ಮಾಡಲಿಲ್ಲ. ಮರುದಿನ ಅಫ್ಜಲ್ ಭಾಯ್ ತಾವೇ ಮಾಡಿದಾಗ, "ನೋಡೋದು ಇನ್ನೂ ಮುಗಿದಿಲ್ಲ" ಎಂದಳು. ತಸ್ನೀಮ್ ದಿನಾ ಫೋನ್ ಮಾಡುತ್ತಿದ್ದಳು. ಅವಳಿಗೂ ಅಷ್ಟೇ ಉತ್ತರ. ಆ ಹುಡುಗಿಯ ಧ್ವನಿ ದಿನದಿಂದ ದಿನಕ್ಕೆ ಸಣ್ಣಗಾಗುತ್ತಿದ್ದದ್ದನ್ನು ಕೇಳಿ ನನಗೆ ಸಂಕಟವಾಗುತ್ತಿತ್ತು.

ಸೋಮವಾರ ಕಾರ್ಖಾನೆಯ ಫೀಕಾ ಹೊತ್ತಿನಲ್ಲಿ, ಇಲ್ಲಿ ಎಲ್ಲರೂ ಒಟ್ಟಿಗೆ ಕೂತು ಕಾಫಿ ಕುಡಿಯಲೇಬೇಕಾದ ಹೊತ್ತು ಅದು, ನನ್ನ ಸಹೋದ್ಯೋಗಿ ಡೆಕ್ಲಾನ್‌ಗೆ ಈ ಕಥೆ ಹೇಳಿದೆ. ಡೆಕ್ಲಾನ್ ಐರ್ಲೆಂಡಿನ ಪಶ್ಚಿಮದ ಮೇಯೊ ಎಂಬ ಪ್ರಾಂತ್ಯದ ಹಳ್ಳಿಯವನು. ನಗಲಿ ಎಂದು ನಾನು ಹೇಳಿದರೆ ಅವನು ಕಾಫಿ ಲೋಟ ಕೆಳಗಿಟ್ಟು, "ನನ್ನ ತಾತ ಹಸು ಎರವಲು ತಂದಿದ್ದ" ಎಂದ. ಅಂದು ಸಂಜೆ ಈ ಮಾತು ಕಿವಿಗೆ ಬಿದ್ದದ್ದೇ ತಡ, ಮುಮ್ತಾಜ್ ಅವನನ್ನು ಊಟಕ್ಕೆ ಕರೆಸಿಬಿಟ್ಟಳು. ಕರೆದದ್ದು ಊಟಕ್ಕೆ, ನಡೆದದ್ದು ವಿಚಾರಣೆ.

ಅವರಿಬ್ಬರೂ ಮಾತಾಡಿದ್ದು ಸ್ವೀಡಿಷ್‌ನಲ್ಲಿ. ನನ್ನ ಕನ್ನಡದಲ್ಲಿ ಹೇಳುತ್ತೇನೆ. ಡೆಕ್ಲಾನನ ತಾತನ ಕಾಲದಲ್ಲಿ ಅವನ ಊರ ಕಡೆ ಹೆಣ್ಣು ಗಂಡು ತಾವಾಗಿ ನೋಡಿ ಮದುವೆಯಾಗುವುದು ಅಪರೂಪ. ಸಂಬಂಧ ಕುದುರಿಸುವ ಒಬ್ಬ ಹಿರಿಯ ಇರುತ್ತಿದ್ದ. ಜಾನುವಾರು ಸಂತೆಯಲ್ಲಿ ಅವನು ಹಸುವಿನ ವ್ಯಾಪಾರವನ್ನೂ ಮಾಡುತ್ತಿದ್ದ, ಮದುವೆಯ ವ್ಯಾಪಾರವನ್ನೂ ಮಾಡುತ್ತಿದ್ದ. ಕ್ರಿಸ್‌ಮಸ್ ಕಳೆದು ಅವರ ಉಪವಾಸದ ತಿಂಗಳು ಬರುವುದರೊಳಗೆ ಮದುವೆ ಮುಗಿಸಬೇಕು, ಉಪವಾಸದಲ್ಲಿ ಮದುವೆಯಿಲ್ಲ. "ನಮಗೂ ರಂಜಾನಿನಲ್ಲಿ ಇಟ್ಕೊಳ್ಳಲ್ಲ" ಎಂದು ಮುಮ್ತಾಜ್ ತಲೆದೂಗಿದಳು. ಮಾತು ಒಂದು ಹಂತಕ್ಕೆ ಬಂದ ಮೇಲೆ ಹೆಣ್ಣಿನ ಅಪ್ಪ ಗಂಡಿನ ಹೊಲ ನಡೆದು ನೋಡಲು ಬರುತ್ತಿದ್ದ. ಎಷ್ಟು ಹಸು, ಬಾವಿ ಎಷ್ಟು ದೂರ, ಮಾಡು ಸೋರುತ್ತದೋ, ತಿಪ್ಪೆ ಎಷ್ಟು ದೊಡ್ಡದು, ಎಲ್ಲವನ್ನೂ.

"ತಿಪ್ಪೆನೂ ನೋಡ್ತಿದ್ರಾ?" ಎಂದು ಮುಮ್ತಾಜ್ ಕೇಳಿದಳು. ಧ್ವನಿಯಲ್ಲಿ ಗೌರವ ಇತ್ತು.

ನೋಡುತ್ತಿದ್ದರಂತೆ. ಡೆಕ್ಲಾನನ ತಾತನಿಗೆ ಇದ್ದದ್ದು ಎರಡೇ ಹಸು. ಹೆಣ್ಣಿನ ಕಡೆಯವರು ಬರುವ ದಿನ ಅಕ್ಕಪಕ್ಕದವರೆಲ್ಲ ತಮ್ಮ ಹಸುಗಳನ್ನು ಅವನ ಹುಲ್ಲುಗಾವಲಿಗೆ ಹೊಡೆದುಬಿಟ್ಟರು. ಒಬ್ಬ ನೇಗಿಲು ಕೊಟ್ಟ, ಒಬ್ಬಳು ಗೋಡೆ ಗಡಿಯಾರ ಕೊಟ್ಟಳು. ಹೆಣ್ಣಿನ ಅಪ್ಪ ತೃಪ್ತನಾಗಿ ಹೆಂಡದಂಗಡಿಯಲ್ಲಿ ಕೈ ಕುಲುಕಿದ. ಆಮೇಲೆ ಗಂಡನ್ನು ಮನೆಗೆ ಕರೆದು ಹೆಬ್ಬಾತಿನ ಊಟ ಹಾಕಿದರು. ಅದಾದ ಮೇಲೆ ಯಾರೂ ಹಿಂದೆಗೆಯುವ ಹಾಗಿಲ್ಲ. ಮದುವೆಯ ರಾತ್ರಿ ಹುಲ್ಲಿನ ಉದ್ದ ಮುಖವಾಡ ಹಾಕಿಕೊಂಡ ಹುಡುಗರು ಕರೆಯದೆ ಬಂದು ಮದುಮಗಳ ಜೊತೆ ಕುಣಿದು, ಯಾರೆಂದು ಹೇಳದೆ ಹೋಗುತ್ತಿದ್ದರಂತೆ. ಅವರು ಬಂದರೆ ಶುಭ. "ಮದುವೆ ಮನೆಗೆ ಕರೆಯದೇ ಬರೋರು ನಮ್ಮಲ್ಲೂ ಇದ್ದಾರೆ, ಮುಖ ಮುಚ್ಕೊಳ್ಳೋದಿಲ್ಲ ಅಷ್ಟೆ" ಎಂದಳು ಮುಮ್ತಾಜ್. ಹೊಸ ಹೆಂಡತಿ ಮೊದಲ ತಿಂಗಳು ತವರಿಗೆ ಹೋಗಬಾರದು ಎಂಬ ಪದ್ಧತಿಯೂ ಇತ್ತು ಎಂದು ಡೆಕ್ಲಾನ್ ಹೇಳಿದಾಗ ಮಾತ್ರ ಅವಳು ಕೈಯ ತುತ್ತನ್ನು ತಟ್ಟೆಗೆ ಇಟ್ಟಳು. "ಒಂದೇ ತಿಂಗಳಾ?" ಎಂದಳು. ಮದುವೆಯಾಗಿ ಇಲ್ಲಿಗೆ ಬಂದ ಅವಳು ನಾಲ್ಕು ವರ್ಷ ಶಿರಾದ ಮುಖ ನೋಡಿರಲಿಲ್ಲ. ನನಗೆ ತಲೆ ಎತ್ತಲಾಗಲಿಲ್ಲ.

ಆಮೇಲೆ ಅವಳು ಕೇಳಿದ ಪ್ರಶ್ನೆ ನನಗಾಗಲೀ ಡೆಕ್ಲಾನ್‌ಗಾಗಲೀ ಹೊಳೆದಿರಲಿಲ್ಲ.

"ಮಾರನೆಯ ದಿನ ಹಸುಗಳೆಲ್ಲ ಅವರವರ ಮನೆಗೆ ಹೋದವಲ್ಲ. ಆಮೇಲೆ ಯಾರಾದರೂ ಬಂದು ನೋಡಿದರಾ?"

ಡೆಕ್ಲಾನ್‌ಗೆ ಗೊತ್ತಿರಲಿಲ್ಲ. ಊಟದ ಮೇಜಿನಿಂದಲೇ ಅಮ್ಮನಿಗೆ ಫೋನ್ ಹಚ್ಚಿದ. ಆ ಕಡೆಯಿಂದ ದೊಡ್ಡ ನಗು ಕೇಳಿಸಿತು, ಆಮೇಲೆ ಉದ್ದನೆಯ ಮಾತು. ನೋಡಿದ್ದರಂತೆ. ಡೆಕ್ಲಾನನ ಅಜ್ಜಿಗೆ, ಅಂದರೆ ಆ ಮದುಮಗಳಿಗೆ, ಮದುವೆಯಾಗದ ಒಬ್ಬ ಚಿಕ್ಕಮ್ಮ ಇದ್ದಳು. ಒಂದು ವಾರ ಬಿಟ್ಟು, ಕಾವಿಗೆ ಕೂರುವ ಕೋಳಿಯೊಂದು ಬೇಕಿತ್ತು ಎಂಬ ನೆಪದಲ್ಲಿ ಒಬ್ಬಳೇ ಬಂದಳು. ಹುಲ್ಲುಗಾವಲಿನಲ್ಲಿ ಎರಡೇ ಹಸು. ಅವಳು ಏನೂ ಕೇಳಲಿಲ್ಲ, ಹೊಲದ ಸುತ್ತಿನ ಕಲ್ಲುಗೋಡೆಯ ಪಕ್ಕ ನಡೆದಳು. ಒಂದು ಕಲ್ಲೂ ಬಿದ್ದಿರಲಿಲ್ಲ. ಆಚೆಯ ಹೊಲ ಒಬ್ಬ ವಿಧವೆಯದು. ಅವಳ ಪಾಲಿನ ಗೋಡೆಯನ್ನೂ ಇವನೇ ಸರಿಮಾಡಿದ್ದ. ಚಿಕ್ಕಮ್ಮ ಮನೆಗೆ ಹೋಗಿ ಹುಡುಗಿಗೆ ಮಾತ್ರ ವಿಷಯ ಹೇಳಿದಳು. ಅಜ್ಜಿ ಎಲ್ಲ ಗೊತ್ತಿದ್ದೇ ಮದುವೆಯಾದಳು. ಗೊತ್ತಿತ್ತೆಂದು ತಾತನಿಗೆ ಕೊನೆಯವರೆಗೂ ಹೇಳಲಿಲ್ಲ.

ಮುಮ್ತಾಜ್ ಎದ್ದು ಡೆಕ್ಲಾನನ ತಟ್ಟೆಗೆ ಇನ್ನಷ್ಟು ಬಿರಿಯಾನಿ ಹಾಕಿದಳು. ನನ್ನ ಕಡೆ ತಿರುಗಿ, "ಶನಿವಾರ ಗಾಡಿ ತೆಗೀರಿ. ಡಬ್ಬಿ ತರ್ಬೇಕು" ಎಂದಳು.

ಈ ಸಲ ನಾವು ಮೂವರೂ ಬರುತ್ತೇವೆಂದು ಯಾರಿಗೂ ಹೇಳಿರಲಿಲ್ಲ, ತಸ್ನೀಮ್‌ಗೂ ಕೂಡ. ಸೊಲ್ಲೆಂಟುನಾ ತಲುಪಿದಾಗ ಮಧ್ಯಾಹ್ನವಾಗಿತ್ತು. ಮೂರನೆಯ ಮಹಡಿಯಲ್ಲಿ ಬೆಲ್ ಒತ್ತಿದರೆ ಯಾರೂ ಇಲ್ಲ. ಎದುರು ಮನೆಯ ಸ್ವೀಡಿಷ್ ಮುದುಕಿ ಬಾಗಿಲು ತೆರೆದು, ಅವನು ಕೆಳಗೆ ಬಟ್ಟೆ ಒಗೆಯುತ್ತಿದ್ದಾನೆ ಎಂದರು.

ಇಲ್ಲಿಯ ಕಟ್ಟಡಗಳಲ್ಲಿ ಬಟ್ಟೆ ಒಗೆಯುವ ಕೋಣೆ ನೆಲಮಾಳಿಗೆಯಲ್ಲಿ ಎಲ್ಲರಿಗೂ ಸೇರಿ ಒಂದೇ. ಸರದಿ ಹಾಕಿಕೊಂಡು ಬಳಸಬೇಕು. ಮುಖಕ್ಕೆ ಮುಖ ಕೊಟ್ಟು ಜಗಳವಾಡದ ಈ ಜನ ತಮ್ಮ ಸಿಟ್ಟನ್ನೆಲ್ಲ ತಂದು ಸುರಿಯುವುದು ಆ ಕೋಣೆಯಲ್ಲಿ. ಯಾರು ಸಮಯ ಮೀರಿದರು, ಯಾರು ಡ್ರೈಯರಿನ ಜಾಳಿಗೆಯಲ್ಲಿ ನೂಲುಕಸ ಬಿಟ್ಟರು ಎಂದು ಗೋಡೆ ತುಂಬ ಚೀಟಿ ಅಂಟಿಸಿರುತ್ತಾರೆ. ಹಿಂದಿನವರ ಬಟ್ಟೆ ಮಷೀನಿನಲ್ಲಿ ಉಳಿದಿದ್ದರೆ ಮುಂದಿನವರು ಅದನ್ನು ಮುದ್ದೆ ಮಾಡಿ ಮೂಲೆಗೆ ಎಸೆಯುವುದೇ ವಾಡಿಕೆ. ನಾನೂ ಎಸೆದಿದ್ದೇನೆ, ಇಲ್ಲವೆನ್ನುವುದಿಲ್ಲ.

ಬಾಗಿಲಿನಲ್ಲಿ ಗಾಜಿನ ಕಿಂಡಿಯಿತ್ತು. ಬಡಿಯಲು ಕೈ ಎತ್ತಿದೆ. ಮುಮ್ತಾಜ್ ನನ್ನ ಮಣಿಕಟ್ಟು ಹಿಡಿದಳು.

ಒಳಗೆ ಮುಜೀಬ್ ಒಬ್ಬನೇ ಇದ್ದ. ಡ್ರೈಯರಿನಲ್ಲಿ ಯಾರದೋ ಬಟ್ಟೆ ಉಳಿದುಹೋಗಿತ್ತು, ಪುಟ್ಟ ಮಕ್ಕಳಿರುವ ಮನೆಯದು. ಅವನು ಒಂದೊಂದನ್ನೇ ತೆಗೆದು, ಕೊಡವಿ, ಮಡಚಿ ಮೇಜಿನ ಮೇಲೆ ಜೋಡಿಸುತ್ತಿದ್ದ. ಬೆರಳುದ್ದದ ಕಾಲುಚೀಲಗಳನ್ನು ಹುಡುಕಿ ಜೊತೆ ಮಾಡುತ್ತಿದ್ದ. ಒಂದಕ್ಕೆ ಜೊತೆ ಸಿಗದೆ, ಡ್ರೈಯರಿನೊಳಗೆ ತಲೆ ಹಾಕಿ ಹುಡುಕಿ ತಂದ. ಅದೆಲ್ಲ ಮುಗಿದ ಮೇಲೆ ಜಾಳಿಗೆ ತೆಗೆದು ಬೇರೆಯವರು ಬಿಟ್ಟ ಕಸ ಒರೆಸಿದ. ಆಮೇಲೆಯೇ ತನ್ನ ಬಟ್ಟೆ ಹಾಕಿದ. ಇದನ್ನು ಯಾರಿಗೂ ತೋರಿಸಲು ಮಾಡಿದ್ದಲ್ಲ, ಆ ಬಟ್ಟೆಯವರಿಗೆ ಮಡಚಿದವರು ಯಾರೆಂದೂ ತಿಳಿಯುವುದಿಲ್ಲ. ಮುಮ್ತಾಜಳ ಕೈ ನನ್ನ ಮಣಿಕಟ್ಟಿನ ಮೇಲೆ ಸಡಿಲವಾಯಿತು.

ತಿರುಗಿ ನೋಡಿದವನು ನಮ್ಮನ್ನು ಕಂಡು ಬಿಳುಚಿಕೊಂಡ.

"ಡಬ್ಬಿ ಬಿಟ್ಹೋಗಿದ್ದೆ ಕಣಪ್ಪ" ಎಂದಳು ಮುಮ್ತಾಜ್. "ಮೇಲೆ ಹೋಗೋಣ್ವಾ?"

ಮೇಲಿನ ಕೋಣೆ ಖಾಲಿ. ಗೋಡೆಗೊರಗಿಸಿದ ಒಂದು ಹಾಸಿಗೆ, ಒಂದು ಮೇಜು, ಕಂಪ್ಯೂಟರು, ಎರಡು ಸೂಟ್‌ಕೇಸು. ಜೈಬಾ "ಹಲೋ" ಎಂದು ಕೂಗಿದಳು, ಕೋಣೆ ಮರುಕೂಗಿತು. ಅವಳಿಗೆ ಅದೇ ಆಟವಾಯಿತು. ಮುಜೀಬ್ ತಲೆ ತಗ್ಗಿಸಿ ನಿಂತ. ಹೋದ ಸಲ ನಮ್ಮ ಜೊತೆ ಬೆಂಗಳೂರಿನ ಕನ್ನಡ ಆಡಿದ್ದ ಹುಡುಗನಿಗೆ ಈಗ ತನ್ನ ಊರಿನ ಮಾತು ಬಂತು.

"ಎಂತ ಹೇಳುದು ಆಂಟಿ. ಸೋಫಾ ಜಾನಕಿಯಕ್ಕಂದು. ಹೆಣ್ಣಿನ ಕಡೆಯವ್ರು ಖಾಲಿ ಮನೆ ನೋಡಿದ್ರೆ ಬೇಜಾರಾಗ್ತಾರೆ ಅಂತ ಅವ್ರೇ ಕೊಟ್ರು. ಆದ್ರೆ ಒಪ್ಪಿದ್ದು ನಾನು, ತಪ್ಪು ನಂದೇ, ಅವ್ರದ್ದಲ್ಲ. ಇದು ನನ್ನ ಮನೆಯೂ ಅಲ್ಲ. ಬೇರೆಯವ್ರ ಬಾಡಿಗೆ ಮನೆ, ಅವ್ರು ನನಗೆ ಕೊಟ್ಟದ್ದು. ಜನವರಿಯಲ್ಲಿ ಬಿಡ್ಬೇಕು. ನಮ್ಮ ಹೆಸರಿಗೇ ಮನೆ ಸಿಗ್ಲಿಕ್ಕೆ ಇಲ್ಲಿ ವರ್ಷಗಟ್ಲೆ ಕ್ಯೂ ಉಂಟು, ನಾನೂ ಹೆಸರು ಹಾಕಿದ್ದೇನೆ. ಅಲ್ಲಿವರೆಗೆ ಹೀಗೇ, ಒಂದು ಬಿಟ್ಟು ಇನ್ನೊಂದು. ಹೊತ್ಕೊಂಡು ಹೋಗುದು ಯಾಕೆ ಅಂತ ಎಂತ ಸಾಮಾನೂ ತಗೊಳ್ಳಿಲ್ಲ."

"ತಸ್ನೀಮ್‌ಗೆ ಗೊತ್ತಾ?"

"ಖಾಲಿ ಮನೆ ಅಂತ ಗೊತ್ತುಂಟು. ಜನವರಿಯದ್ದೂ ಗೊತ್ತುಂಟು. ಸೋಫಾ ತಂದದ್ದು ಹೇಳ್ಲಿಲ್ಲ. ಹೇಳಿದ್ರೆ ಬೈತಿದ್ಳು."

ಮುಮ್ತಾಜ್ ಹಾಸಿಗೆಯನ್ನು ಎಳೆದು ನೆಲಕ್ಕೆ ಹಾಕಿ ಅದರ ಮೇಲೆ ಕೂತಳು. ನನ್ನ ಫೋನ್ ಕಿತ್ತುಕೊಂಡು ಶಿರಾಗೆ ಹಚ್ಚಿ, ಸ್ಪೀಕರ್ ಹಾಕಿ ಪಕ್ಕದಲ್ಲಿಟ್ಟಳು. ನಮ್ಮ ಮನೆ ಮಾತು ಉರ್ದು. ಆದರೆ ಅಣ್ಣ ತಂಗಿ ಗಟ್ಟಿ ವಿಷಯಕ್ಕೆ ಬಂದರೆ ಕನ್ನಡಕ್ಕೆ ಹೊರಳುತ್ತಾರೆ. ಆ ದಿನ ಮೊದಲ ಮಾತೇ ಕನ್ನಡದಲ್ಲಿತ್ತು.

"ಭಾಯ್, ಹುಡುಗನ ಮನೇಲೇ ಇದ್ದೀನಿ. ಹುಡುಗನೂ ಇದ್ದಾನೆ, ಕೇಳಿಸ್ಕೊತಿದ್ದಾನೆ. ಮನೇಲಿ ಏನೂ ಇಲ್ಲ. ಒಂದು ಹಾಸಿಗೆ ಇದೆ, ಅದರ ಮೇಲೆ ನಾನು ಕೂತಿದ್ದೀನಿ. ಮನೆ ಅವನದಲ್ಲ, ಜನವರಿಗೆ ಬಿಡ್ಬೇಕು. ಮುಂದೆ ಎಲ್ಲಿ ಅಂತ ಅವನಿಗೂ ಗೊತ್ತಿಲ್ಲ. ಹೋದ ವಾರ ಬಂದಾಗ ಪಕ್ಕದ ಮನೆ ಸೋಫಾ ತಂದಿಟ್ಟು ನನಗೆ ತೋರಿಸ್ದ. ಅದು ತಪ್ಪು. ಒಪ್ಕೊಂಡ. ತಸ್ನೀಮ್‌ಗೆ ಮಾತ್ರ ಸೋಫಾ ಬಿಟ್ಟು ಬೇರೆ ಯಾವುದನ್ನೂ ಮುಚ್ಚಿಟ್ಟಿಲ್ಲ. ಯಾರೂ ನೋಡದೆ ಇರೋ ಕಡೆ ಹೇಗಿರ್ತಾನೆ ಅಂತ ಇವತ್ತು ನೋಡ್ದೆ." ಒಗೆಯುವ ಕೋಣೆಯಲ್ಲಿ ಕಂಡದ್ದನ್ನು ಕಾಲುಚೀಲದ ಸಮೇತ ಹೇಳಿದಳು. "ಹುಡುಗಿನ ಕೊಡು."

ಮುಜೀಬ್ ಗೋಡೆಗೆ ಒರಗಿ ನಿಂತಿದ್ದ.

"ಮುಮ್ತಾಜ್," ಎಂದರು ಅಫ್ಜಲ್ ಭಾಯ್, ಎಂದಿನ ಮೆತ್ತನೆ ಧ್ವನಿಯಲ್ಲಿ. "ಒಂದೇ ಮಾತು ಕೇಳ್ತೀನಿ. ಜೈಬಾನ ಕೊಡ್ತಿದ್ಯಾ ಆ ಮನೆಗೆ?"

ತನ್ನ ಹೆಸರು ಕೇಳಿ ಜೈಬಾ ಕಿಟಕಿಯ ಹತ್ತಿರದಿಂದ ತಿರುಗಿ ಸ್ವೀಡಿಷ್‌ನಲ್ಲಿ ಏನು ಎಂದಳು. ಈ ಹುಡುಗನ ಪರವಾಗಿ ಇಷ್ಟು ದಿನ ನಗುತ್ತಿದ್ದವನು ನಾನು. ಖಾಲಿ ಗೋಡೆಗಳು ಆಗಲೇ ಮೊದಲ ಸಲ ನನ್ನ ಕಣ್ಣಿಗೆ ಬಿದ್ದವು. ಮುಮ್ತಾಜ್ ಮಗಳನ್ನೇ ನೋಡುತ್ತಿದ್ದಳು.

"ಜೈಬಾನ ನಾನು ಕೊಡೋದು ಅಂತ ಏನೂ ಇರಲ್ಲ ಭಾಯ್," ಎಂದಳು. "ಇಲ್ಲಿ ಬೆಳೆದ ಹುಡುಗಿ. ನಾಳೆ ಯಾರನ್ನ ಇಷ್ಟಪಡ್ತಾಳೋ, ನನ್ನ ಕೇಳ್ತಾಳೋ ಇಲ್ವೋ, ಬರೀ ಹೇಳಿ ಹೋಗ್ತಾಳೋ. ಆ ದಿನ ಯಾವ ಮನೆ ನೋಡೋಕೂ ನನ್ನ ಯಾರೂ ಕರೆಯಲ್ಲ. ಊರವರ ಮಕ್ಕಳಿಗೆಲ್ಲ ನೋಡಿದ್ದೀನಿ, ನನ್ನ ಮಗಳಿಗೆ ನೋಡೋ ಭಾಗ್ಯ ನನಗಿಲ್ಲ. ಇದು ನನಗೆ ಗೊತ್ತಿದೆ." ಫೋನನ್ನು ಹತ್ತಿರಕ್ಕೆ ಎಳೆದುಕೊಂಡಳು. "ನಿನ್ನ ಮಗಳು ಅಷ್ಟು ದೂರದಿಂದ ಫೋನ್ ಮಾಡಿ ನಿನ್ನ ಕೇಳಿದ್ದಾಳೆ ಭಾಯ್. ಇನ್ನೂ ಕೇಳ್ತಿದ್ದಾಳೆ. ಕೇಳ್ತಿರೋವಾಗ್ಲೇ ಹೂಂ ಅನ್ನು."

ನನ್ನ ಕಣ್ಣು ತುಂಬಿಕೊಂಡವು. ಅದನ್ನು ಮರೆಸುವ ಪ್ರಯತ್ನವನ್ನೂ ನಾನು ಮಾಡಲಿಲ್ಲ. ಹನ್ನೊಂದು ವರ್ಷ ಹೊತ್ತು ಬೆಳೆಸಿದ ಮಗಳು ಎದುರಿಗೆ ಕಿಟಕಿಯ ಗಾಜಿನ ಮೇಲೆ ಉಸಿರು ಬಿಟ್ಟು ಬೆರಳಿನಲ್ಲಿ ಏನೋ ಬರೆಯುತ್ತಿದ್ದಳು. ಈ ವಿಷಯವನ್ನು ನನ್ನ ಹೆಂಡತಿ ಯಾವಾಗಲೋ ಲೆಕ್ಕ ಹಾಕಿ, ಯಾರಿಗೂ ಹೇಳದೆ ಒಳಗಿಟ್ಟುಕೊಂಡಿದ್ದಳು.

ಶಿರಾದಲ್ಲಿ ಯಾವುದೋ ಲಾರಿ ಹಾರ್ನ್ ಹೊಡೆದದ್ದು ಆ ಖಾಲಿ ಕೋಣೆಯಲ್ಲಿ ದೊಡ್ಡದಾಗಿ ಕೇಳಿಸಿತು.

"ಹುಡುಗನ ಕೈಗೆ ಫೋನ್ ಕೊಡು" ಎಂದರು ಅಫ್ಜಲ್ ಭಾಯ್.

ಮುಜೀಬ್ ಕೈಯನ್ನು ಅಂಗಿಗೆ ಎರಡು ಸಲ ಒರೆಸಿಕೊಂಡು ಫೋನ್ ತೆಗೆದುಕೊಂಡ.